ಹೃದಯಕ್ಕೆ ತಾಳ ಹಾಕುವ ಯಂತ್ರ

ಮನೆಯ ಹಿರಿಯರೊಬ್ಬರು ಬೆಳಗ್ಗೆ ಸ್ನಾನ ಮುಗಿಸಿ, ದೇವರ ಮುಂದೆ ದೀಪ ಹಚ್ಚಲೆಂದು ಬಗ್ಗಿದವರು, ಇದ್ದಕ್ಕಿದ್ದ ಹಾಗೆ ಕುಸಿದು ಬೀಳುತ್ತಾರೆ. ಮನೆಯವರು ಓಡಿಬಂದು ಮುಖಕ್ಕೆ ನೀರು ಚಿಮುಕಿಸಿ ಗಾಳಿ ಹಾಕುವಷ್ಟರಲ್ಲಿ ಅವರಿಗೆ ಎಚ್ಚರವಾಗುತ್ತದೆ. ಬಿಳಿಚಿಕೊಂಡಿದ್ದ ಮುಖಕ್ಕೆ ಮತ್ತೆ ರಕ್ತವೇರುತ್ತದೆ. "ಏನೂ ಇಲ್ಲ, ಪಿತ್ತ ಕೆರಳಿತ್ತು" ಎಂದು ಹೇಳಿ ಅವರೇ ಎದ್ದು ಕುಳಿತುಕೊಳ್ಳುತ್ತಾರೆ. ನಿಂಬೆಯ ಪಾನಕವೋ ಮಜ್ಜಿಗೆಯೋ ಆಗಿ, ಆ ದಿನದ ಮಾತು ಅಲ್ಲಿಗೆ ಮುಗಿಯುತ್ತದೆ. ತಿಂಗಳು ಕಳೆಯುವುದರೊಳಗೆ ಅದೇ ಸಂಗತಿಯು ಮತ್ತೊಮ್ಮೆ, ಈ ಬಾರಿ ಮೆಟ್ಟಿಲಿನ ಮೇಲೆ, ನಡೆಯುತ್ತದೆ.

ವಾಚಕರಲ್ಲಿ ಕೆಲವರಾದರೂ ಇಂಥ ಪ್ರಸಂಗವನ್ನು ತಮ್ಮ ಮನೆಯಲ್ಲಿಯೋ ನೆರೆಮನೆಯಲ್ಲಿಯೋ ಕಂಡಿರಬಹುದು. ಮೂರ್ಛೆಗೆ ಕಾರಣಗಳು ಹಲವು. ಅವುಗಳಲ್ಲಿ ಬಹುಪಾಲು ಅಪಾಯವಿಲ್ಲದವು. ಆದರೆ ಒಂದು ಕಾರಣವನ್ನು ಮಾತ್ರ ಉಪೇಕ್ಷಿಸತಕ್ಕದ್ದಲ್ಲ. ಅದು ಯಾವುದೆಂದರೆ, ಹೃದಯವು ತನ್ನ ತಾಳವನ್ನು ತಪ್ಪಿ ಕೆಲವು ಕ್ಷಣಗಳ ಕಾಲ ಸುಮ್ಮನಾಗಿಬಿಡುವುದು. ವೈದ್ಯರು ಇಸಿಜಿ ತೆಗೆದು ನೋಡಿ, "ಪೇಸ್‌ಮೇಕರ್ ಹಾಕಿಸಬೇಕು" ಎಂದು ಹೇಳಿದಾಗ ಮನೆಯಲ್ಲಿ ಮೊದಲು ಮೌನವೂ ಆಮೇಲೆ ಪ್ರಶ್ನೆಗಳೂ ಹುಟ್ಟುತ್ತವೆ. ಎದೆಯೊಳಗೆ ವಿದ್ಯುತ್ತಿನ ಯಂತ್ರವೇ? ಅದು ನಡುವೆ ನಿಂತುಹೋದರೆ ಗತಿಯೇನು? ಕಡೆಗಾಲದಲ್ಲಿ ಪ್ರಾಣ ಹೋಗಗೊಡದೆ ಅದು ಮನುಷ್ಯನನ್ನು ನರಳಿಸೀತೆ? ಈ ಮೂರು ಪ್ರಶ್ನೆಗಳೂ ನ್ಯಾಯವಾದುವೇ. ಇವುಗಳಿಗೆ ಉತ್ತರವು ಆ ಯಂತ್ರವನ್ನು ಕಟ್ಟಿದ ಬಗೆಯಲ್ಲಿಯೇ ಅಡಗಿರುವುದರಿಂದ, ಅದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಉಚಿತವೆಂದು ತೋರುತ್ತದೆ.

ಹೃದಯದ ಬಲಭಾಗದ ಮೇಲುಕೋಣೆಯ ಗೋಡೆಯಲ್ಲಿ ವಿಶೇಷವಾದ ಜೀವಕಣಗಳ ಒಂದು ಪುಟ್ಟ ಗುಂಪಿದೆ. ೧೯೦೭ರಲ್ಲಿ ಕೀತ್ ಮತ್ತು ಫ್ಲ್ಯಾಕ್ ಎಂಬ ಇಬ್ಬರು ಶಾಸ್ತ್ರಜ್ಞರು ಇದನ್ನು ಗುರುತಿಸಿದರು. ಯಾರ ಅಪ್ಪಣೆಗೂ ಕಾಯದೆ, ನಿಮಿಷಕ್ಕೆ ೬೦ರಿಂದ ೧೦೦ ಬಾರಿ, ಈ ಗುಂಪು ತಾನೇ ತಾನಾಗಿ ಸೂಕ್ಷ್ಮವಾದ ವಿದ್ಯುತ್ಪ್ರೇರಣೆಯನ್ನು ಹುಟ್ಟಿಸುವುದು. ಆ ಪ್ರೇರಣೆಯು ಮೇಲಿನ ಎರಡು ಕೋಣೆಗಳಲ್ಲಿ ಹರಡಿ ಅವನ್ನು ಸಂಕೋಚಗೊಳಿಸುವುದು. ಅನಂತರ ಮೇಲುಕೋಣೆಗಳಿಗೂ ಕೆಳಕೋಣೆಗಳಿಗೂ ನಡುವೆ ಇರುವ ಒಂದು ಹೊಸ್ತಿಲಲ್ಲಿ ಅರೆಗಳಿಗೆ ತಡೆದು ನಿಲ್ಲುವುದು. ಈ ಹೊಸ್ತಿಲನ್ನು ೧೯೦೬ರಲ್ಲಿ ವಿವರಿಸಿದವರು ತವಾರಾ ಎಂಬ ಜಪಾನೀ ವೈದ್ಯರು. ಮೇಲಿನ ಕೋಣೆಗಳ ರಕ್ತವು ಕೆಳಗೆ ಇಳಿಯುವುದಕ್ಕೆ ಆ ತಡೆಯು ಅವಕಾಶ ಕೊಡುತ್ತದೆ. ಬಳಿಕ ಪ್ರೇರಣೆಯು ಕೆಳಕ್ಕೆ ಇಳಿದು, ಬಲಿಷ್ಠವಾದ ಕೆಳಕೋಣೆಗಳು ಸಂಕೋಚಗೊಂಡು, ರಕ್ತವು ದೇಹಕ್ಕೆಲ್ಲ ಹರಿಯುವುದು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ, ಹುಟ್ಟಿದಂದಿನಿಂದ ಕೊನೆಯವರೆಗೆ, ಈ ಕೆಲಸವು ನಮ್ಮ ಅರಿವಿಗೆ ಬಾರದೆ ನಡೆಯುತ್ತಲೇ ಇರುತ್ತದೆ.

ಇಲ್ಲಿ ಗಮನಿಸತಕ್ಕ ಮುಖ್ಯಾಂಶವೊಂದಿದೆ. ಹೃದಯದ ಮಾಂಸಕ್ಕೆ ಬಡಿಯುವ ಬಲವನ್ನು ಆ ಪ್ರೇರಣೆಯು ಕೊಡುವುದಿಲ್ಲ. ಬಲವು ಮಾಂಸದ್ದೇ, ಪ್ರೇರಣೆಯದು ಕೇವಲ ಸೂಚನೆ. ದೀಪದ ಬತ್ತಿಗೆ ಕಡ್ಡಿಯನ್ನು ಸೋಕಿಸಿದಂತೆ ಎಂದು ಹೇಳಬಹುದು. ಕಡ್ಡಿ ಎಷ್ಟೇ ಚಿಕ್ಕದಾಗಿರಲಿ, ಹತ್ತಿಕೊಂಡ ದೀಪವು ತನ್ನ ಎಣ್ಣೆಯಿಂದ ತಾನೇ ಉರಿಯುತ್ತದೆ. ಪೇಸ್‌ಮೇಕರ್ ಎಂಬ ಯಂತ್ರವು ಸಾಧ್ಯವಾದದ್ದು ಈ ಒಂದು ಕಾರಣದಿಂದಲೇ. ಹೃದಯವನ್ನು ನಡೆಸುವಷ್ಟು ಶಕ್ತಿಯನ್ನು ಅಂಗೈಯಗಲದ ಡಬ್ಬಿಯಲ್ಲಿ ತುಂಬುವುದು ಆಗದ ಮಾತು. ಕಡ್ಡಿ ಗೀರುವಷ್ಟು ಶಕ್ತಿಯನ್ನು ತುಂಬುವುದಾದರೋ ಆಗುವ ಮಾತು.

ವಯಸ್ಸಿನಿಂದಲೋ ರೋಗದಿಂದಲೋ ಪ್ರೇರಣೆ ಹುಟ್ಟುವ ಸ್ಥಾನವು ಸೋತರೆ, ಅಥವಾ ನಡುವಣ ಹೊಸ್ತಿಲು ಮುಚ್ಚಿಹೋದರೆ, ಕೆಳಗಿನ ಕೋಣೆಗಳಿಗೆ ಸೂಚನೆಯು ತಲಪುವುದಿಲ್ಲ. ನಾಡಿಯು ನಿಮಿಷಕ್ಕೆ ೪೦ಕ್ಕೋ ೩೦ಕ್ಕೋ ಇಳಿಯುವುದು, ಇಲ್ಲವೆ ಕೆಲವು ಕ್ಷಣ ಪೂರ್ತಿಯಾಗಿ ನಿಲ್ಲುವುದು. ಮೆದುಳಿಗೆ ರಕ್ತ ಸಾಲದೆ ರೋಗಿಯು ನೆಲಕ್ಕೆ ಉರುಳುವನು. ಡಬ್ಲಿನ್ ನಗರದ ಆಡಮ್ಸ್ ಮತ್ತು ಸ್ಟೋಕ್ಸ್ ಎಂಬ ವೈದ್ಯರು ಕ್ರಮವಾಗಿ ೧೮೨೭ರಲ್ಲಿಯೂ ೧೮೪೬ರಲ್ಲಿಯೂ ಇಂಥ ಮೂರ್ಛೆಯನ್ನು ವರ್ಣಿಸಿದ್ದರು. ಆದರೆ ಅವರ ಕಾಲದಲ್ಲಿಯೂ ಅನಂತರ ನೂರು ವರ್ಷಗಳವರೆಗೂ ವೈದ್ಯರು ವರ್ಣಿಸಬಲ್ಲವರಾಗಿದ್ದರೇ ಹೊರತು, ಇದಕ್ಕೆ ನೆಚ್ಚತಕ್ಕ ಚಿಕಿತ್ಸೆಯೊಂದು ಅವರ ಕೈಯಲ್ಲಿರಲಿಲ್ಲ.

ಹೊರಗಿನಿಂದ ವಿದ್ಯುತ್ತನ್ನು ಕೊಟ್ಟು ಹೃದಯವನ್ನು ಬಡಿಸಬಹುದೆಂಬ ವಿಚಾರವು ಹಳೆಯದು. ೧೮೮೯ರಲ್ಲಿಯೇ ಸ್ಕಾಟ್ಲೆಂಡಿನ ಮ್ಯಾಕ್‌ವಿಲಿಯಂ ಎಂಬವರು ಇದನ್ನು ಬರೆದಿದ್ದರು. ೧೯೩೨ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಹೈಮನ್ ಎಂಬ ವೈದ್ಯರು, ಕೈಯಿಂದ ತಿರುಗಿಸಿ ಕೀಲಿ ಕೊಡುವ ಯಂತ್ರವೊಂದನ್ನು ವರ್ಣಿಸಿ ಅದಕ್ಕೆ 'ಕೃತಕ ಪೇಸ್‌ಮೇಕರ್' ಎಂದು ಹೆಸರಿಟ್ಟರು. ೧೯೫೨ರಲ್ಲಿ ಬಾಸ್ಟನ್ನಿನ ಪಾಲ್ ಝೋಲ್ ಅವರು ಎದೆಯ ಹೊರಗಿನಿಂದಲೇ ವಿದ್ಯುತ್ತನ್ನು ಹಾಯಿಸಿ, ನಿಂತ ಹೃದಯವನ್ನು ನಡೆಸಿ ತೋರಿಸಿದರು. ಜೀವವೇನೋ ಉಳಿಯಿತು, ಆದರೆ ಚರ್ಮವನ್ನೂ ಎಲುಬಿನ ಗೂಡನ್ನೂ ದಾಟಿ ಹೋಗಬೇಕಾದ ವಿದ್ಯುತ್ತು ಪ್ರಬಲವಾಗಿರಬೇಕಾದುದರಿಂದ, ಪ್ರತಿಯೊಂದು ಮಿಡಿತಕ್ಕೂ ಎದೆಯ ಸ್ನಾಯುಗಳು ಅದಿರಿ, ಚರ್ಮವು ಸುಟ್ಟು, ರೋಗಿಗೆ ಅಸಹ್ಯವಾದ ಯಾತನೆಯಾಗುತ್ತಿತ್ತು.

ಮಿನಿಯಾಪೊಲಿಸ್ ನಗರದಲ್ಲಿ ಮಕ್ಕಳ ಹೃದಯದ ಶಸ್ತ್ರಚಿಕಿತ್ಸೆಯನ್ನು ನಡೆಸುತ್ತಿದ್ದ ಲಿಲ್ಲೆಹೈ ಎಂಬ ವೈದ್ಯರು ೧೯೫೭ರಲ್ಲಿ ತೆಳುವಾದ ತಂತಿಯನ್ನು ನೇರವಾಗಿ ಹೃದಯದ ಮಾಂಸಕ್ಕೇ ಸೇರಿಸಿದರು. ಆಗ ಕೆಲವೇ ವೋಲ್ಟುಗಳು ಸಾಕಾದುವು, ನೋವು ಇಲ್ಲವಾಯಿತು. ಆದರೆ ಆ ತಂತಿಯ ಇನ್ನೊಂದು ತುದಿಯು ದೊಡ್ಡದೊಂದು ಪೆಟ್ಟಿಗೆಗೂ, ಆ ಪೆಟ್ಟಿಗೆಯು ಗೋಡೆಯ ವಿದ್ಯುತ್ತಿಗೂ ಅಂಟಿಕೊಂಡಿತ್ತು. ಮಗುವಿನ ಓಡಾಟವು ತಂತಿಯ ಉದ್ದದಷ್ಟೇ. ಅದೇ ವರ್ಷದ ಅಕ್ಟೋಬರ್ ೩೧ರಂದು ಆ ನಗರದಲ್ಲಿ ಕೆಲವು ಗಂಟೆಗಳ ಕಾಲ ವಿದ್ಯುತ್ತು ನಿಂತುಹೋಯಿತು. ಊರಿನ ದೀಪದೊಡನೆ ಮಗುವಿನ ಹೃದಯವೂ ಆರುವಂತಿದ್ದರೆ ಅದೆಂಥ ಚಿಕಿತ್ಸೆ ಎಂಬ ಪ್ರಶ್ನೆಯನ್ನು ಇನ್ನು ಮುಂದೂಡುವಂತಿರಲಿಲ್ಲ. ಆಸ್ಪತ್ರೆಯ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ ಅರ್ಲ್ ಬ್ಯಾಕನ್ ಎಂಬ ಎಂಜಿನಿಯರರ ಬಳಿ ಲಿಲ್ಲೆಹೈ ಅವರು ಇದನ್ನು ಹೇಳಿದರು. ಸಂಗೀತಗಾರರಿಗೆ ಲಯವನ್ನು ತೋರಿಸುವ ಒಂದು ಉಪಕರಣದ ವಿದ್ಯುನ್ಮಂಡಲವನ್ನು ಬ್ಯಾಕನ್ನರು ಮಾಸಪತ್ರಿಕೆಯೊಂದರಲ್ಲಿ ಕಂಡಿದ್ದರು. ಅದನ್ನೇ ಅಳವಡಿಸಿಕೊಂಡು, ಸುಮಾರು ನಾಲ್ಕು ವಾರಗಳೊಳಗೆ, ಬ್ಯಾಟರಿಯಿಂದ ನಡೆಯುವ, ಕೊರಳಿಗೆ ತೂಗುಹಾಕಿಕೊಳ್ಳಬಹುದಾದ ಪುಟ್ಟ ಯಂತ್ರವನ್ನು ಅವರು ಸಿದ್ಧಮಾಡಿಕೊಟ್ಟರು. ಹೀಗೆ ಹಾಡಿಗೆ ತಾಳ ಹಾಕುತ್ತಿದ್ದ ಯುಕ್ತಿಯು ಹೃದಯಕ್ಕೂ ತಾಳ ಹಾಕುವಂತಾಯಿತು.

ಆದರೂ ಒಂದು ತೊಡಕು ಉಳಿದಿತ್ತು. ಚರ್ಮವನ್ನು ತೂರಿ ಹೊರಗೆ ಬಂದ ತಂತಿಯ ದಾರಿಯಲ್ಲಿ ರೋಗಾಣುಗಳು ಒಳಹೊಗುತ್ತಿದ್ದುವು. ಇದನ್ನು ತಪ್ಪಿಸಬೇಕಾದರೆ ಯಂತ್ರವನ್ನೆಲ್ಲ ದೇಹದೊಳಗೇ ಇಟ್ಟು ಹೊಲಿದುಬಿಡಬೇಕು. ಈ ಸಾಹಸವನ್ನು ಮೊದಲು ಮಾಡಿದವರು ಸ್ವೀಡನ್ ದೇಶದ ಶಸ್ತ್ರವೈದ್ಯರಾದ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರರಾದ ರೂನೆ ಎಲ್ಮ್‌ಕ್ವಿಸ್ಟ್. ಅವರನ್ನು ಅದಕ್ಕೆ ಒತ್ತಾಯಪಡಿಸಿದವರು ಒಬ್ಬ ಗೃಹಿಣಿ. ಅರ್ನೆ ಲಾರ್ಸನ್ ಎಂಬ ೪೩ ವರ್ಷದ ಗೃಹಸ್ಥರಿಗೆ ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ ಮೂರ್ಛೆ ಬರುತ್ತಿತ್ತು. ಅವರ ಪತ್ನಿ ಎಲ್ಸೆ ಮರಿಯೆ ಈ ಇಬ್ಬರ ಪ್ರಯೋಗಗಳ ವಿಷಯವನ್ನು ತಿಳಿದು, ಅವರಲ್ಲಿಗೆ ಹೋದರು. ಮನುಷ್ಯನಿಗೆ ಹಾಕತಕ್ಕ ಯಂತ್ರವು ಇನ್ನೂ ಸಿದ್ಧವಾಗಿಲ್ಲವೆಂಬ ಉತ್ತರ ಬಂದರೂ ಆಕೆ ಬಿಡಲಿಲ್ಲ. ಆಕೆಯ ಹಟವೇ ಗೆದ್ದಿತು. ಎಲ್ಮ್‌ಕ್ವಿಸ್ಟರು ಬೂಟು ಪಾಲಿಶಿನ ಡಬ್ಬಿಯನ್ನೇ ಅಚ್ಚಾಗಿ ಮಾಡಿಕೊಂಡು, ಯಂತ್ರದ ಅಂಗಗಳ ಮೇಲೆ ರಾಳವನ್ನು ಹೊಯ್ದು ಎರಡು ಬಿಲ್ಲೆಗಳನ್ನು ತಯಾರಿಸಿದರು. ಒಂದೊಂದೂ ಸುಮಾರು ಐದೂವರೆ ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರಿಗೆ ಕೊಂಚ ಮಿಕ್ಕು ದಪ್ಪ.

೧೯೫೮ರ ಅಕ್ಟೋಬರ್ ೮ರಂದು ಸ್ಟಾಕ್‌ಹೋಮ್ ಬಳಿಯ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ ಲಾರ್ಸನ್ನರಿಗೆ ಶಸ್ತ್ರಚಿಕಿತ್ಸೆಯಾಯಿತು. ಮೊದಲನೆಯ ಯಂತ್ರವು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಕೈಯಲ್ಲಿದ್ದ ಎರಡನೆಯದನ್ನು ಹಾಕಿದರು. ಅದೂ ಶಾಶ್ವತವಾಗಲಿಲ್ಲ. ಆದರೆ ಲಾರ್ಸನ್ನರು ಬದುಕಿದರು. ಕೆಡುತ್ತಿದ್ದ ಯಂತ್ರಗಳನ್ನು ಬದಲಾಯಿಸಿಕೊಳ್ಳುತ್ತ, ಒಟ್ಟು ೨೬ ಪೇಸ್‌ಮೇಕರುಗಳನ್ನು ಸವೆಸಿ, ತಮ್ಮ ವೈದ್ಯರಿಗಿಂತಲೂ ಎಂಜಿನಿಯರರಿಗಿಂತಲೂ ಹೆಚ್ಚು ಕಾಲ ಬಾಳಿ, ೨೦೦೧ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗಲೂ ಅವರನ್ನು ಒಯ್ದದ್ದು ಹೃದಯದ ರೋಗವಲ್ಲ, ಅರ್ಬುದ.

ಅಮೆರಿಕದ ಬಫೆಲೊ ನಗರದಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಎಂಜಿನಿಯರರು ಇದೇ ಕಾಲದಲ್ಲಿ ಬೇರೊಂದು ಮಾರ್ಗದಿಂದ ಇದೇ ಗುರಿಯನ್ನು ಸಮೀಪಿಸಿದರು. ಹೃದಯದ ಶಬ್ದವನ್ನು ದಾಖಲಿಸುವ ಉಪಕರಣವೊಂದನ್ನು ಜೋಡಿಸುತ್ತಿದ್ದಾಗ ಅವರು ಒಂದು ಬಿಡಿಭಾಗದ ಬದಲು ಕೈತಪ್ಪಿ ಮತ್ತೊಂದನ್ನು ಹಾಕಿದರು. ಯಂತ್ರವು ಕ್ಷಣಮಾತ್ರ ಮಿಡಿದು, ಒಂದು ಸೆಕೆಂಡು ಸುಮ್ಮನಿದ್ದು, ಮತ್ತೆ ಮಿಡಿಯಿತು. ಬೇರೆಯವರು ತಪ್ಪೆಂದು ಬಿಸುಡಬಹುದಾಗಿದ್ದ ಆ ಮಿಡಿತದಲ್ಲಿ ಅವರು ಹೃದಯದ ನಡೆಯನ್ನು ಗುರುತಿಸಿದರು. ಎರಡು ವರ್ಷ ಸಂಸಾರ ನಡೆಯುವಷ್ಟು ಹಣವನ್ನು ಹೆಂಡತಿಯ ಕೈಗೆ ಕೊಟ್ಟು, ಕೆಲಸವನ್ನು ಬಿಟ್ಟು, ಮನೆಯ ಹಿಂದಣ ಕೊಟ್ಟಿಗೆಯನ್ನೇ ಕಾರ್ಯಶಾಲೆಯಾಗಿ ಮಾಡಿಕೊಂಡರು. ಬಿಡಿಭಾಗಗಳನ್ನು ಕಾಯಿಸಿ ಪರೀಕ್ಷಿಸುವ ಒಲೆಗಳು ಅವರ ಮಲಗುವ ಕೋಣೆಯಲ್ಲಿದ್ದುವು. ಪತ್ನಿ ಎಲಿನಾರ್ ಒಂದೊಂದು ಟ್ರಾನ್ಸಿಸ್ಟರನ್ನೂ ಪೆನ್ಸಿಲಿನಿಂದ ತಟ್ಟಿ, ಪೆಟ್ಟಿಗೆ ತಾಳುವುದೋ ಇಲ್ಲವೋ ಎಂದು ನೋಡುತ್ತಿದ್ದರು. ೧೯೬೦ರಲ್ಲಿ ಚಾರ್ಡ್ಯಾಕ್ ಎಂಬ ಶಸ್ತ್ರವೈದ್ಯರು ಈ ಯಂತ್ರಗಳನ್ನು ರೋಗಿಗಳಿಗೆ ಹಾಕಲಾರಂಭಿಸಿದರು.

ಇಲ್ಲಿಂದ ಮುಂದಿನ ಕಥೆಯು ನಮ್ಮ ಎರಡನೆಯ ಪ್ರಶ್ನೆಗೆ, ಎಂದರೆ ಯಂತ್ರವು ನಿಂತರೆ ಗತಿಯೇನೆಂಬುದಕ್ಕೆ, ಸಂಬಂಧಪಟ್ಟದ್ದು. ದೇಹದೊಳಗಿನ ಸ್ಥಳವು ಯಂತ್ರಕ್ಕೆ ಬಹಳ ಕಠಿಣವಾದದ್ದು. ಅಲ್ಲಿ ಬೆಚ್ಚಗಿನ ಉಪ್ಪುನೀರು ಸದಾ ಸುತ್ತುವರಿದಿರುತ್ತದೆ. ತೆಗೆದು ಒರಸಿ ನೋಡುವಂತಿಲ್ಲ. ಮೊದಮೊದಲಿನ ಪಾದರಸದ ಬ್ಯಾಟರಿಗಳು ಸುಮಾರು ಎರಡು ವರ್ಷಕ್ಕೇ ಬರಿದಾಗುತ್ತಿದ್ದುವು. ಇದಲ್ಲದೆ ಅವು ಅನಿಲವನ್ನು ಬಿಡುತ್ತಿದ್ದುದರಿಂದ ಯಂತ್ರವನ್ನು ಬಿಗಿಯಾಗಿ ಮುಚ್ಚುವ ಹಾಗಿರಲಿಲ್ಲ; ಅನಿಲವು ಹೊರಗೆ ಹೋಗಲು ಇದ್ದ ದಾರಿಯಲ್ಲಿ ತೇವವು ಒಳಕ್ಕೆ ಬರುತ್ತಿತ್ತು. ಬ್ಯಾಟರಿಯ ಆಯುಷ್ಯವನ್ನು ಹೆಚ್ಚಿಸಬೇಕೆಂಬ ಆತುರದಲ್ಲಿ ೧೯೭೦ರಲ್ಲಿ ಪ್ಯಾರಿಸ್ಸಿನಲ್ಲಿ ಪ್ಲುಟೋನಿಯಂ ಎಂಬ ವಿಕಿರಣಧಾತುವಿನಿಂದ ನಡೆಯುವ ಪೇಸ್‌ಮೇಕರನ್ನು ಕೂಡ ಹಾಕಿ ನೋಡಿದರು. ಕಡೆಗೆ ಗೆದ್ದದ್ದು ಅದಕ್ಕಿಂತ ಸರಳವಾದ ಉಪಾಯ. ಲಿಥಿಯಂ ಮತ್ತು ಅಯೊಡಿನ್ ಸೇರಿದ ಬ್ಯಾಟರಿಯು ಅನಿಲವನ್ನು ಬಿಡುವುದಿಲ್ಲ. ೧೯೭೨ರಲ್ಲಿ ಇದು ಮೊದಲ ಬಾರಿಗೆ ರೋಗಿಯ ದೇಹವನ್ನು ಸೇರಿತು. ಆ ಮೇಲೆ ಯಂತ್ರವನ್ನೂ ಬ್ಯಾಟರಿಯನ್ನೂ ಒಂದೇ ಟೈಟೇನಿಯಂ ಕವಚದಲ್ಲಿಟ್ಟು, ಗಾಳಿಯೂ ಆಡದಂತೆ ಬೆಸುಗೆ ಹಾಕುವುದು ಸಾಧ್ಯವಾಯಿತು. ಈಗಿನ ಯಂತ್ರಗಳು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವರ್ಷ ನಡೆಯುವುವು. ಅವು ಒಮ್ಮೆಗೇ ಬರಿದಾಗುವುದಿಲ್ಲ. ಶಕ್ತಿಯು ಕುಂದತೊಡಗಿದಾಗ, ಇನ್ನೂ ಕೆಲವು ತಿಂಗಳು ಉಳಿದಿರುವಂತೆಯೇ, ವೈದ್ಯರ ಪರೀಕ್ಷೆಯಲ್ಲಿ ಅದು ತಿಳಿದುಬರುತ್ತದೆ. ಆದುದರಿಂದಲೇ ಗೊತ್ತಾದ ಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ಎಂದಿಗೂ ತಪ್ಪಿಸಕೂಡದು.

ಬ್ಯಾಟರಿಗಿಂತಲೂ ಹೆಚ್ಚಿನ ಶ್ರಮವು ತಂತಿಯ ಪಾಲಿನದು. ಹೃದಯದ ಪ್ರತಿಯೊಂದು ಬಡಿತಕ್ಕೂ ಅದು ಬಾಗಬೇಕು. ವರ್ಷಕ್ಕೆ ಮೂರೂವರೆ ಕೋಟಿಗೂ ಹೆಚ್ಚು ಬಾರಿ. ನೇರವಾದ ತಂತಿಯು ಬೇಗನೆ ಮುರಿಯುವುದು. ಆದಕಾರಣ ನಿಕ್ಕಲ್, ಕೋಬಾಲ್ಟ್, ಕ್ರೋಮಿಯಂ ಮುಂತಾದುವನ್ನು ಬೆರಸಿದ ಮಿಶ್ರಲೋಹದ ಎಳೆಗಳನ್ನು ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿ, ಮೃದುವಾದ ಹೊದಿಕೆಯನ್ನು ಹಾಕುತ್ತಾರೆ. ಈ ತಂತಿಯನ್ನು ಕೂಡಿಸಲು ಎದೆಯನ್ನು ಸೀಳಬೇಕಾಗಿಯೂ ಇಲ್ಲ. ೧೯೫೮ರಲ್ಲಿ ನ್ಯೂಯಾರ್ಕಿನ ಸೀಮೋರ್ ಫರ್ಮನ್ ಎಂಬವರು ರಕ್ತನಾಳದ ಮೂಲಕವೇ ತಂತಿಯನ್ನು ಹೃದಯದೊಳಕ್ಕೆ ಇಳಿಸಿ ತೋರಿಸಿದ್ದರು. ಇಂದು ಕೊರಳೆಲುಬಿನ ಕೆಳಗೆ, ಆ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಸುಮಾರು ಒಂದು ಗಂಟೆಯ ಕಾಲದಲ್ಲಿ ಯಂತ್ರವನ್ನು ಚರ್ಮದಡಿಯಲ್ಲಿ ಇರಿಸುತ್ತಾರೆ. ನಮ್ಮ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯೇ ಮೊದಲಾದ ಆಸ್ಪತ್ರೆಗಳಲ್ಲಿ ಇದು ರೂಢಿಯ ಚಿಕಿತ್ಸೆಯಾಗಿದೆ.

ಇಷ್ಟೆಲ್ಲ ಆದರೂ ಯಂತ್ರವು ಪೂರ್ಣವಾಗಲು ಒಂದು ಗುಣವು ಬೇಕಾಗಿತ್ತು. ಅದು ಸುಮ್ಮನಿರುವ ಗುಣ. ಮೊದಲಿನ ಪೇಸ್‌ಮೇಕರುಗಳು ಹೃದಯದ ಕಡೆಗೆ ಗಮನ ಕೊಡದೆ, ಗಡಿಯಾರದಂತೆ ಒಂದೇ ಸಮನೆ ಮಿಡಿಯುತ್ತಿದ್ದುವು. ಆದರೆ ಎಷ್ಟೋ ರೋಗಿಗಳ ಹೃದಯವು ಬಹುಕಾಲ ತಾನಾಗಿಯೇ ನಡೆದು, ಆಗೊಮ್ಮೆ ಈಗೊಮ್ಮೆ ಮಾತ್ರ ತಪ್ಪುತ್ತದೆ. ಅಂಥವರಲ್ಲಿ ಹೃದಯದ ತಾಳವೂ ಯಂತ್ರದ ತಾಳವೂ ಒಂದಕ್ಕೊಂದು ತಗಲಿ, ಬಡಿತವಾದ ಮೇಲೆ ಹೃದಯವು ದಣಿವಾರಿಸಿಕೊಳ್ಳುವ ಸೂಕ್ಷ್ಮ ಕ್ಷಣದಲ್ಲಿ ಯಂತ್ರದ ಪ್ರೇರಣೆಯು ಬಿದ್ದರೆ, ಹೃದಯವು ಕ್ರಮಗೆಟ್ಟು ಕಂಪಿಸುವ ಅಪಾಯವಿತ್ತು. ಕಾಪಾಡಲೆಂದು ಇಟ್ಟದ್ದೇ ಕೊಲ್ಲುವಂತಾಗಬಹುದಾಗಿತ್ತು. ೧೯೬೦ರ ದಶಕದ ನಡುವೆ ಬರೂಹ್ ಬರ್ಕೊವಿಟ್ಸ್ ಎಂಬ ಎಂಜಿನಿಯರರು ಇದಕ್ಕೆ ಪರಿಹಾರವನ್ನು ರೂಪಿಸಿದರು. ಪ್ರೇರಣೆಯನ್ನು ಕೊಡುವ ತಂತಿಯೇ ಹೃದಯವನ್ನು ಆಲಿಸುವ ಕಿವಿಯೂ ಆಗುವುದು. ಹೃದಯವು ತಾನೇ ಬಡಿದರೆ ಯಂತ್ರವು ಕೈಕಟ್ಟಿಕೊಂಡು ಮತ್ತೆ ಮೊದಲಿನಿಂದ ಎಣಿಸತೊಡಗುವುದು. ಗೊತ್ತಾದ ಹೊತ್ತು ಕಳೆದರೂ ಬಡಿತವು ಬಾರದಿದ್ದರೆ ಮಾತ್ರ, ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಕಾಲ, ಎರಡು ಮೂರು ವೋಲ್ಟಿನ ಒಂದು ಪ್ರೇರಣೆಯನ್ನು ಕೊಡುವುದು. ಗಾಯಕನು ಲಯದಲ್ಲಿರುವವರೆಗೆ ಸುಮ್ಮನಿದ್ದು, ಅವನು ತಪ್ಪಿದ ಕಡೆ ಮಾತ್ರ ತೊಡೆ ತಟ್ಟಿ ತೋರಿಸುವ ವಿದ್ಯಾಗುರುವಿನ ರೀತಿ ಇದು.

ಹೇಳುವುದಕ್ಕೆ ಸುಲಭವಾದರೂ ಮಾಡುವುದಕ್ಕೆ ಇದು ಕಷ್ಟ. ಹೃದಯದ ಸದ್ದು ವೋಲ್ಟಿನ ಸಾವಿರದ ಕೆಲವೇ ಪಾಲುಗಳಷ್ಟು ಕ್ಷೀಣವಾದದ್ದು. ತೋಳಿನ ಸ್ನಾಯುಗಳ ವಿದ್ಯುತ್ತೂ ಹೊರಗಿನ ಯಂತ್ರಗಳ ಗದ್ದಲವೂ ಅದರೊಡನೆ ಬೆರೆಯಬಹುದು. ಗದ್ದಲವನ್ನು ಹೃದಯವೆಂದು ತಿಳಿದು ಯಂತ್ರವು ಸುಮ್ಮನಾದರೆ ರೋಗಿಯ ಗತಿಯೇನು? ಇದನ್ನು ಯೋಚಿಸಿಯೇ, ನಿರಂತರವಾದ ಗದ್ದಲವು ಕೇಳಿಬಂದಾಗ ಯಂತ್ರವು ಕೇಳಿಸಿಕೊಳ್ಳುವುದನ್ನು ಬಿಟ್ಟು, ಒಂದು ನಿಶ್ಚಿತವಾದ ವೇಗದಲ್ಲಿ ಮಿಡಿಯುವಂತೆ ಅದನ್ನು ರಚಿಸಿದ್ದಾರೆ. ಸಂದೇಹವಿದ್ದಲ್ಲಿ ರೋಗಿಯ ಪಕ್ಷಕ್ಕೇ ಒಲಿಯತಕ್ಕದ್ದೆಂಬ ನ್ಯಾಯವಿದು. ಆ ಮೇಲೆ ನಡಿಗೆಯ ಚಲನೆಯನ್ನು ಅರಿತು ಬಡಿತವನ್ನು ಏರಿಸಿ, ಮಲಗಿದಾಗ ಇಳಿಸುವ ಯಂತ್ರಗಳು ಬಂದುವು. ಇತ್ತೀಚೆಗೆ ತಂತಿಯೇ ಇಲ್ಲದೆ, ಸುಮಾರು ಎರಡು ಗ್ರಾಂ ಮಾತ್ರ ತೂಗುವ, ಹೃದಯದೊಳಗೇ ನೆಲೆಸುವ ಪೇಸ್‌ಮೇಕರುಗಳೂ ಬಂದಿವೆ. ಇಂಥದೊಂದಕ್ಕೆ ಅಮೆರಿಕದಲ್ಲಿ ೨೦೧೬ರಲ್ಲಿ ಅನುಮತಿ ದೊರೆಯಿತು.

ಇದೇ ವಂಶಕ್ಕೆ ಸೇರಿದ ಬೇರೆ ಯಂತ್ರಗಳೂ ಉಂಟು. ಕ್ರಮಗೆಟ್ಟು ಕಂಪಿಸುವ ಹೃದಯಕ್ಕೆ ಬಲವಾದ ಆಘಾತವನ್ನು ಕೊಟ್ಟು ಸರಿಪಡಿಸುವ ಯಂತ್ರವನ್ನು ೧೯೮೦ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಮೊದಲು ಮನುಷ್ಯನಿಗೆ ಇಟ್ಟರು. ಕಿವುಡರ ಒಳಗಿವಿಯ ನರಕ್ಕೆ ಶಬ್ದವನ್ನು ವಿದ್ಯುತ್ತಾಗಿ ಮುಟ್ಟಿಸುವ ಬಹುತಂತುಗಳ ಯಂತ್ರವನ್ನು ಗ್ರೇಮ್ ಕ್ಲಾರ್ಕ್ ಎಂಬವರು ೧೯೭೮ರಲ್ಲಿ ಮೆಲ್ಬರ್ನಿನಲ್ಲಿ ಹಾಕಿದರು. ನಡುಕದ ರೋಗಿಗಳಿಗೆ ಮೆದುಳಿನ ಆಳದಲ್ಲಿ ಪ್ರೇರಣೆಯನ್ನು ಕೊಡುವ ಚಿಕಿತ್ಸೆಯನ್ನು ೧೯೮೭ರಲ್ಲಿ ಫ್ರಾನ್ಸಿನ ಗ್ರೆನೋಬಲ್ಲಿನಲ್ಲಿ ಬೆನಾಬಿದ್ ಎಂಬವರು ರೂಢಿಗೆ ತಂದರು. ಅಂಗ ಬೇರೆಯಾದರೂ ರಚನೆಯ ಪ್ರಶ್ನೆಗಳು ಅವೇ: ಶಕ್ತಿ ಎಲ್ಲಿಂದ, ತೇವವನ್ನು ತಡೆಯುವುದು ಹೇಗೆ, ತಂತಿ ಎಷ್ಟು ಕಾಲ ಬಾಳೀತು, ಎಷ್ಟು ಕೊಟ್ಟರೆ ಸಾಕು.

ಇನ್ನು ಗೃಹಕೃತ್ಯದ ಮಾತು. ಪೇಸ್‌ಮೇಕರ್ ಇರುವವರು ಮನೆಯ ಮಿಕ್ಸಿ, ರುಬ್ಬುವ ಯಂತ್ರ, ಪಂಕ ಇವುಗಳಿಗೆ ಹೆದರಬೇಕಾದದ್ದಿಲ್ಲ. ಮೊಬೈಲ್ ಫೋನನ್ನು ಯಂತ್ರವಿರುವ ಕಡೆಯ ಜೇಬಿನಲ್ಲಿಡದೆ, ಅದರಿಂದ ೧೫ ಸೆಂಟಿಮೀಟರ್ ದೂರವಿಟ್ಟು, ಆಚೆಯ ಕಿವಿಗೆ ಹಿಡಿದು ಮಾತನಾಡಬೇಕು. ಇಂಡಕ್ಷನ್ ಒಲೆಯಿಂದ ಎರಡಡಿ ದೂರವಿರುವುದು ಕ್ಷೇಮ. ಬಲವಾದ ಅಯಸ್ಕಾಂತವನ್ನು ಎದೆಯ ಬಳಿಗೆ ತರಬಾರದು. ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲಲ್ಲಿ ತಡೆದು ನಿಲ್ಲದೆ ಸಾಗಬೇಕು; ಯಂತ್ರದ ವಿವರವಿರುವ ಚೀಟಿಯು ಸದಾ ಜೊತೆಯಲ್ಲಿರಬೇಕು. ಎಂಆರ್‌ಐ ಪರೀಕ್ಷೆಗೆ ಹೋಗುವ ಮುನ್ನ ತಪ್ಪದೆ ತಿಳಿಸಬೇಕು. ಅದನ್ನು ತಾಳಬಲ್ಲ ಯಂತ್ರಗಳು ಈಗ ಇವೆ, ಆದರೆ ಎಲ್ಲವೂ ಅಂಥವಲ್ಲ.

ಕೊನೆಗೆ ಉಳಿಯುವುದು ಮೂರನೆಯ ಪ್ರಶ್ನೆ. ಹಿರಿಯರು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಪ್ರಶ್ನೆ. ಯಂತ್ರವು ಪ್ರಾಣವನ್ನು ಹಿಡಿದು ನಿಲ್ಲಿಸೀತೆ? ಇಲ್ಲ. ಅದು ಕಡ್ಡಿಯೇ ಹೊರತು ಎಣ್ಣೆಯಲ್ಲ. ದೇಹವು ಸೋತು ಹೃದಯದ ಮಾಂಸಕ್ಕೆ ಪ್ರಾಣವಾಯುವು ತಲಪದೆ ಹೋದಾಗ, ಯಂತ್ರವು ಎಷ್ಟು ಸೂಚಿಸಿದರೂ ಅದು ಓಗೊಡುವುದಿಲ್ಲ. ಸಾವು ತನ್ನ ಹೊತ್ತಿಗೆ ಬಂದೇ ಬರುತ್ತದೆ. ಆಗ ಮನೆಯವರು ಮಾಡತಕ್ಕ ಒಂದು ಕೆಲಸವುಂಟು. ಬೆಂಕಿಯಲ್ಲಿ ಬ್ಯಾಟರಿಯು ಸಿಡಿಯಬಹುದಾದ್ದರಿಂದ, ದಹನಸಂಸ್ಕಾರಕ್ಕೆ ಮೊದಲು ಯಂತ್ರವನ್ನು ತೆಗೆಯಿಸಬೇಕು. ದುಃಖದ ಗಡಿಬಿಡಿಯಲ್ಲಿ ಇದು ಮರೆತುಹೋಗಬಾರದೆಂದು ಮನೆಯಲ್ಲಿ ಇಬ್ಬರಿಗಾದರೂ ಮೊದಲೇ ತಿಳಿದಿರುವುದು ಒಳ್ಳೆಯದು.

ಹಾಗಾದರೆ ಈ ಯಂತ್ರದಿಂದ ದೊರೆಯುವುದೇನು? ನಡುವೆ ಕುಸಿಯದೆ, ಬಿದ್ದು ಸೊಂಟ ಮುರಿದುಕೊಳ್ಳದೆ, ಇರುವಷ್ಟು ಕಾಲ ತನ್ನ ಕಾಲ ಮೇಲೆ ನಿಲ್ಲುವ ಧೈರ್ಯ. ದೇವರ ಮುಂದೆ ಬಗ್ಗಿದ ಹಿರಿಯರು ದೀಪವನ್ನು ಹಚ್ಚಿ, ತಾವೇ ಎದ್ದು, ಹಿಂತಿರುಗಿ ಬರುತ್ತಾರೆ. ಮನೆಯಲ್ಲಿ ಯಾರಿಗಾದರೂ ಮೂರ್ಛೆಯು ಮರುಕಳಿಸಿದರೆ ಪಿತ್ತವೆಂದು ಸುಮ್ಮನಾಗದೆ, ಆಗಲೇ ಕೈಹಿಡಿದು ನಾಡಿಯನ್ನು ಎಣಿಸಿರಿ; ಎಣಿಕೆ ಎಷ್ಟೇ ಬಂದರೂ ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ.